ಹೇಳದೆ ಬಿಟ್ಟ ಅರ್ಥ

ನಮ್ಮ ಪ್ರೌಢಶಾಲೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಅಪೇಕ್ಷಿಸಿದಾಗ, ಛಂದಸ್ಸನ್ನೋ ವಚನಗಳ ಭಾಷೆಯನ್ನೋ ಕುರಿತು ನಾಲ್ಕು ಮಾತು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಸಂಸ್ಕೃತ ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿ, ಶಬ್ದಮಣಿದರ್ಪಣವನ್ನು ಗುರುಮುಖದಿಂದ ಕೇಳಿ, ವಿದ್ವತ್ ಪರೀಕ್ಷೆಯನ್ನು ಮುಗಿಸಿ ಬಂದ ಕನ್ನಡ ಪಂಡಿತನಿಂದ ಬೇರೆಯದನ್ನು ನಿರೀಕ್ಷಿಸುವುದೂ ಕಷ್ಟವೇ. ಆದರೆ ೨೦೨೪ರಲ್ಲಿ ನಡೆದ ಪಾಲಕರ ಸಭೆಯ ನೆನಪು ನನ್ನನ್ನು ಬಿಡದಾಗಿದೆ. ಹರೆಯಕ್ಕೆ ಕಾಲಿಡುತ್ತಿರುವ ಮಕ್ಕಳಿಗೆ ದೇಹಧರ್ಮವನ್ನೂ, ಗಂಡುಹೆಣ್ಣುಗಳ ಪರಸ್ಪರ ನಡವಳಿಕೆಯನ್ನೂ ಕಲಿಸುವ ಪುಸ್ತಿಕೆಯೊಂದು ಅಂದು ಚರ್ಚೆಗೆ ಬಂದಿತ್ತು. ಅದರ ಭಾಷೆಯನ್ನು ಪರಿಶೀಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಭಾಷೆಯನ್ನು ತಿದ್ದಲು ಹೊರಟವನು ನನ್ನ ಹಳೆಯ ತಪ್ಪೊಂದನ್ನು ಎದುರಿಸಬೇಕಾಯಿತು. ಶಿಕ್ಷಕ ಬಂಧುಗಳೂ, ಹಳೆಯ ವಿದ್ಯಾರ್ಥಿಗಳೂ, ಶಾಲೆಯನ್ನು ಪೊರೆದ ದಾನಿಗಳೂ ಓದುವ ಈ ಪುಟಗಳಲ್ಲಿ ಅದನ್ನು ನಿವೇದಿಸಿಕೊಳ್ಳುವುದು ಯುಕ್ತವೆಂದು ಭಾವಿಸಿದ್ದೇನೆ.

ನಾನು ಈ ಶಾಲೆಗೆ ಸೇರಿದ್ದು ೧೯೯೭ರಲ್ಲಿ. ೧೯೯೯ರ ಮಳೆಗಾಲದ ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ಶರಣರ ಸಮಾಜ ಸುಧಾರಣೆಯನ್ನು ಕುರಿತು ಪಾಠ ಮಾಡುತ್ತಿದ್ದೆ. ಲಿಂಗಧಾರಣೆ ಮಾಡಿದವರಿಗೆ ಪಂಚಸೂತಕಗಳಿಲ್ಲವೆಂಬುದು ನಮ್ಮ ಸಮಾಜದ ಮೂಲತತ್ತ್ವಗಳಲ್ಲೊಂದು. ಜಾತಿಸೂತಕ, ಜನನಸೂತಕ, ಪ್ರೇತಸೂತಕ, ಉಚ್ಛಿಷ್ಟಸೂತಕ, ರಜಸ್ಸೂತಕ ಎಂದು ಐದನ್ನೂ ಕರಿಹಲಗೆಯ ಮೇಲೆ ಬರೆದೆ. ಮೊದಲ ನಾಲ್ಕನ್ನು ಉದಾಹರಣೆ ಸಹಿತ ವಿವರಿಸಿ, ಐದನೆಯದರ ಬಳಿ ಬಂದಾಗ ಹಲಗೆಯನ್ನು ಒರೆಸತೊಡಗಿದೆ. ಹೆಣ್ಣುಮಕ್ಕಳ ಸಾಲಿನಿಂದ ಒಬ್ಬಳು ಎದ್ದು ನಿಂತು ಕೇಳಿದಳು: "ಗುರುಗಳ, ರಜಸ್ಸೂತಕ ಅಂದ್ರ ಏನ್ರಿ?"

ಹುಡುಗರ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನ್ನ ಮುಖ ಬಿಸಿಯಾಯಿತು. "ಅದು ಪರೀಕ್ಷಾಕ್ಕ ಬರೂದಿಲ್ಲ, ಕುಂದ್ರವ್ವಾ" ಎಂದೆ.

ಚೂಟಿಯಾದ ಹುಡುಗಿ. ಮುಂದಿನ ತಿಂಗಳುಗಳಲ್ಲಿ ಆಕೆ ಆಗಾಗ ನಾಲ್ಕು ನಾಲ್ಕು ದಿನ ಗೈರುಹಾಜರಾಗತೊಡಗಿದಳು. ಕಾರಣ ಕೇಳಿದರೆ ತಲೆ ತಗ್ಗಿಸುತ್ತಿದ್ದಳು. ನಾನು ತರಗತಿ ಶಿಕ್ಷಕನಾಗಿ ಹಾಜರಿ ಪುಸ್ತಕದಲ್ಲಿ ಗುರುತು ಹಾಕಿ, ಗದರಿಸಿ, ಒಮ್ಮೆ ಒಂದು ತಾಸು ನಿಲ್ಲಿಸಿಯೂ ಇದ್ದೆ. ಆಗ ನಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ನೀರಿನ ವ್ಯವಸ್ಥೆಯುಳ್ಳ ಶೌಚಗೃಹವಿರಲಿಲ್ಲ. ಮುಂದೆ ದಾನಿಗಳೊಬ್ಬರ ಔದಾರ್ಯದಿಂದ ಅದು ಆಯಿತು. ಹತ್ತನೆಯ ತರಗತಿಗೆ ಆ ಹುಡುಗಿ ಬರಲೇ ಇಲ್ಲ. ಮದುವೆಯಾಯಿತೆಂದು ಕೇಳಿದೆ. ಹಾಜರಿ ಪುಸ್ತಕದಿಂದ ಹೆಸರು ತೆಗೆದೆ. ಅಷ್ಟಕ್ಕೆ ಮರೆತೆ.

ಎಂಟು ವರ್ಷಗಳ ತರುವಾಯ, ೨೦೦೭ರಲ್ಲಿ, ಈ ವಿಷಯ ನಾಡಿನಲ್ಲೆಲ್ಲ ದೊಡ್ಡ ವಿವಾದವಾಯಿತು. ಕೇಂದ್ರ ಸರ್ಕಾರದ ಮಾನವ ಸಂಪನ್ಮೂಲ ಸಚಿವಾಲಯವೂ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೂ ಕೂಡಿ ೨೦೦೫ರಲ್ಲಿ ಆರಂಭಿಸಿದ್ದ ಹದಿಹರೆಯದ ಶಿಕ್ಷಣ ಕಾರ್ಯಕ್ರಮದ ಚಿತ್ರಪಟಗಳನ್ನೂ ಕೈಪಿಡಿಗಳನ್ನೂ ಕಂಡು ಹಲವು ರಾಜ್ಯಗಳ ಪಾಲಕರು, ಶಿಕ್ಷಕರು, ಜನಪ್ರತಿನಿಧಿಗಳು ಕೆರಳಿದರು. ಕರ್ನಾಟಕವೂ ಸೇರಿದಂತೆ ಅನೇಕ ರಾಜ್ಯಗಳು ಅದನ್ನು ತಡೆಹಿಡಿದವು. ೨೦೦೯ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿಯು ಸಹ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಕೂಡದೆಂದು ವರದಿ ನೀಡಿತು. ವಿವಾದವೆದ್ದ ದಿನಗಳಲ್ಲಿ ನಮ್ಮಲ್ಲಿಗೂ ಹತ್ತಾರು ಪಾಲಕರು ಬಂದಿದ್ದರು. ವೃದ್ಧ ರೈತರೊಬ್ಬರು ನನ್ನನ್ನೇ ನೋಡಿ, "ಪಂಡಿತರ, ನಾವು ಮಕ್ಕಳನ್ನ ಸಾಲಿಗೆ ಕಳಸೂದು ನಾಕು ಅಕ್ಷರ ಕಲೀಲಿ ಅಂತ. ಇದನ್ನೆಲ್ಲಾ ಕಲಸಾಕ ನಿಮಗ ಯಾರು ಹೇಳ್ಯಾರ?" ಎಂದು ಕೇಳಿದ್ದರು. ಮುಖ್ಯೋಪಾಧ್ಯಾಯರು ತರಬೇತಿಯಿಂದ ಬಂದಿದ್ದ ಕಾಗದಗಳ ಕಟ್ಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಆ ಬೀಗದ ಸದ್ದು ಕೇಳಿ ಸಮಾಧಾನಪಟ್ಟವರಲ್ಲಿ ನಾನೂ ಒಬ್ಬ.

ಪಾಲಕರ ಅಳುಕನ್ನು ಮೂಢತನವೆಂದು ತಳ್ಳಿಹಾಕುವವರಿದ್ದಾರೆ. ಎರಡು ಮಕ್ಕಳ ತಂದೆಯಾದ ನಾನು ಹಾಗೆ ತಳ್ಳಿಹಾಕಲಾರೆ. ಮಗುವಿನ ವಯಸ್ಸನ್ನು ನೋಡದೆ ಎಲ್ಲವನ್ನೂ ಒಮ್ಮೆಗೇ ಸುರಿಯುವರೇ ಎಂಬ ಭಯ ನ್ಯಾಯವಾದುದು. ಗಂಡುಮಕ್ಕಳ ಎದುರಿನಲ್ಲಿ ತಮ್ಮ ಮಗಳು ನಾಚಿ ಕುಗ್ಗುವಳೇ ಎಂಬ ಚಿಂತೆ ನ್ಯಾಯವಾದುದು. ಪಾಠ ಹೇಳುವವರು ಯಾರು, ಅವರ ಶೀಲ ಎಂಥದು ಎಂದು ಕೇಳುವುದು ತಂದೆತಾಯಿಗಳ ಹಕ್ಕು. ಇವೆಲ್ಲಕ್ಕಿಂತ ಹೆಚ್ಚಾಗಿ ಅವರನ್ನು ನೋಯಿಸಿದ್ದು, ತಮ್ಮ ಮಕ್ಕಳಿಗೆ ಕಲಿಸುವ ಪುಸ್ತಕವನ್ನು ತಮಗೆ ಯಾರೂ ತೋರಿಸದೆ ಹೋದುದು. ಮನೆಗೆ ಸೊಸೆಯನ್ನು ತರುವಾಗ ಹತ್ತು ಮನೆ ವಿಚಾರಿಸುವ ಜನ, ಮಗುವಿನ ಮನಸ್ಸಿನೊಳಗೆ ಬರುವ ಮಾತನ್ನು ವಿಚಾರಿಸಬೇಡವೇ?

ಆದರೂ ಬೀಗ ಹಾಕಿದ ಕಪಾಟು ಮಕ್ಕಳನ್ನು ಕಾಯಲಿಲ್ಲ. ೨೦೧೨ರಲ್ಲಿ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೋ ಕಾಯಿದೆ ಬಂದಿತು. ಹದಿನೆಂಟು ತುಂಬದ ಗಂಡುಮಗುವಿಗೂ ಹೆಣ್ಣುಮಗುವಿಗೂ ಅದು ಸಮಾನ ರಕ್ಷೆ. ಅಂಥ ಅಪರಾಧ ತಿಳಿದೂ ವರದಿ ಮಾಡದಿರುವುದು ಶಿಕ್ಷಕನಿಗೂ ಶಿಕ್ಷಾರ್ಹ. ಕಾಯಿದೆಯ ಕನ್ನಡ ಪ್ರತಿಯನ್ನು ಓದುವಾಗ ನನಗೊಂದು ಸಂಗತಿ ಹೊಳೆಯಿತು. ತನ್ನ ದೇಹದ ಅಂಗಕ್ಕೆ ಹೆಸರೇ ತಿಳಿಯದ ಮಗು ಯಾರ ಮುಂದೆ ಏನೆಂದು ದೂರು ಹೇಳೀತು? ಅದಕ್ಕೆ ಗೊತ್ತಿರುವುದು ಬೀದಿಯ ಬೈಗುಳದ ಪದ ಮಾತ್ರ. ಆ ಪದವನ್ನು ಹಿರಿಯರ ಮುಂದೆ ಆಡಿದರೆ ಮೊದಲು ಬೀಳುವುದು ಕೆನ್ನೆಗೆ ಏಟು. ಹೀಗೆ ನಾವು ಮಗುವಿನ ನಾಲಿಗೆಯನ್ನು ಕಟ್ಟಿ, ಕೆಡುಕನಿಗೆ ಅನುಕೂಲ ಮಾಡಿಕೊಟ್ಟಿದ್ದೇವೆ.

ಭಾಷೆಯ ಈ ಬಡತನ ಪಂಡಿತರಾದ ನಮ್ಮಿಂದಲೇ ಬಂದುದು. ಹಳ್ಳಿಯಲ್ಲಿ ಮೈನೆರೆಯುವುದು, ದೊಡ್ಡವಳಾಗುವುದು, ಮುಟ್ಟು ಎಂಬ ಸಹಜವಾದ ಮಾತುಗಳಿವೆ. ನಾವು ಅವುಗಳನ್ನು ಗ್ರಾಮ್ಯವೆಂದು ಬದಿಗಿಟ್ಟು, ಮಕ್ಕಳಿಗೆ ತಿಳಿಯದ ಸಂಸ್ಕೃತ ಪದಗಳನ್ನು ಪುಸ್ತಕದಲ್ಲಿಟ್ಟೆವು. 'ಹೊರಗಾಗಿದ್ದಾಳೆ' ಎಂಬ ಮಾತನ್ನಂತೂ ಲಿಂಗಧಾರಿಗಳ ಮನೆಗಳಲ್ಲಿಯೂ ಆಡುತ್ತ ಬಂದೆವು. ಒಳಗೆ ಹೊರಗೆಂಬ ಭೇದವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಅಳಿಸಿದರೆಂದು ಪೀಠದ ಮೇಲೆ ನಿಂತು ಭಾಷಣ ಮಾಡುವ ನಾವು, ಹಿತ್ತಲ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕುಳಿತ ಮಗಳನ್ನು ನೋಡಿಯೂ ನೋಡದಂತಿದ್ದೆವು.

೨೦೨೦ರಲ್ಲಿ ಆಯುಷ್ಮಾನ್ ಭಾರತದ ಅಂಗವಾಗಿ ಶಾಲಾ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಅದರ ಹನ್ನೊಂದು ವಿಷಯಗಳಲ್ಲಿ ಆರೋಗ್ಯಕರ ಬೆಳವಣಿಗೆ, ಪರಸ್ಪರ ಸಂಬಂಧಗಳು, ಗಂಡುಹೆಣ್ಣುಗಳ ಸಮಾನತೆ, ಹಿಂಸೆಯಿಂದ ಸುರಕ್ಷತೆ, ಅಂತರಜಾಲದ ಸುರಕ್ಷಿತ ಬಳಕೆ ಇವೆಲ್ಲವೂ ಸೇರಿವೆ. ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರು, ಸಾಧ್ಯವಾದಲ್ಲಿ ಒಬ್ಬ ಪುರುಷರು ಒಬ್ಬ ಮಹಿಳೆ, ತರಬೇತಿ ಪಡೆದು ಬೋಧಿಸತಕ್ಕುದೆಂಬುದು ಅದರ ಕ್ರಮ. ಈ ವಿಷಯಗಳನ್ನೇ ಆಧರಿಸಿ ನಮ್ಮ ಶಿಕ್ಷಕರು ಸಿದ್ಧಪಡಿಸಿದ ಪುಸ್ತಿಕೆಯೇ ೨೦೨೪ರ ಸಭೆಯಲ್ಲಿ ಪಾಲಕರ ಮುಂದಿದ್ದುದು.

ಈ ಬಾರಿ ನಮ್ಮ ಅಕ್ಕೋರೊಬ್ಬರು, ವಿಜ್ಞಾನ ಬೋಧಿಸುವವರು, ಒಂದು ಹಟ ಹಿಡಿದರು: ಮಕ್ಕಳ ಕೈಗೆ ಹೋಗುವ ಮುನ್ನ ಪುಸ್ತಿಕೆ ಎಂಟು ದಿನ ವಾಚನಾಲಯದಲ್ಲಿರಬೇಕು, ಯಾವ ಪಾಲಕರಾದರೂ ಬಂದು ಓದಬೇಕು, ಓದಲು ಬಾರದವರಿಗೆ ನಾವು ಓದಿ ಹೇಳಬೇಕು. ಹಾಗೆಯೇ ಆಯಿತು. ಬಂದವರಲ್ಲಿ ತಾಯಂದಿರೇ ಹೆಚ್ಚು.

ಸಭೆಯ ದಿನ ಮೊದಲ ಆಕ್ಷೇಪ ಮುಖಪುಟದ ಮೇಲೆಯೇ ಬಂದಿತು. 'ಲಿಂಗ ಸಮಾನತೆ' ಎಂದು ಅಲ್ಲಿ ಅಚ್ಚಾಗಿತ್ತು. ಹಿರಿಯರೊಬ್ಬರು ಎದ್ದು, "ಲಿಂಗ ಅಂದ್ರ ನಮಗ ಕೊರಳಾಗಿಂದು. ಇದೇನು ಬರದೀರಿ?" ಎಂದರು. ಸಭೆ ನಕ್ಕಿತು. ನಾನು ನಗಲಿಲ್ಲ. ಅವರ ಮಾತು ಸರಿಯಾಗಿತ್ತು. ಉಪಾಸನೆಗೂ, ವ್ಯಾಕರಣಕ್ಕೂ, ದೇಹಕ್ಕೂ, ಸಾಮಾಜಿಕ ಗುರುತಿಗೂ ಒಂದೇ ಶಬ್ದವನ್ನು ದುಡಿಸಿದರೆ ಗೊಂದಲವಾಗದೆ ಇದ್ದೀತೇ? 'ಹೆಣ್ಣು ಗಂಡು ಸಮಾನತೆ' ಎಂದು ತಿದ್ದಿದೆವು.

ಇನ್ನೊಬ್ಬರು, "ಗಂಡೂ ಅಲ್ಲ ಹೆಣ್ಣೂ ಅಲ್ಲ ಅನ್ನೂದನ್ನ ಸಾಲ್ಯಾಗ ಯಾಕ ಕಲಸಬೇಕು? ಹುಡುಗರ ತಲಿ ಕೆಡೂದಿಲ್ಲೇನ್ರಿ?" ಎಂದು ಕೇಳಿದರು. ಈ ವಿಷಯದಲ್ಲಿ ತಿಳಿದವರೂ ಒಮ್ಮತಕ್ಕೆ ಬಂದಿಲ್ಲ. ೨೦೨೧ರಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನ ಮತ್ತು ತರಬೇತಿ ಪರಿಷತ್ತು ಇಂಥ ಮಕ್ಕಳನ್ನು ಕುರಿತು ಶಿಕ್ಷಕರಿಗಾಗಿ ಕೈಪಿಡಿಯೊಂದನ್ನು ಪ್ರಕಟಿಸಿ, ಆಕ್ಷೇಪಗಳು ಬರುತ್ತಲೇ ತನ್ನ ಜಾಲತಾಣದಿಂದ ತೆಗೆದುಹಾಕಿತು. ಆದರೆ ಸರ್ವೋಚ್ಚ ನ್ಯಾಯಾಲಯವು ೨೦೧೪ರಲ್ಲಿಯೇ ಅವರ ಗುರುತನ್ನು ಮಾನ್ಯ ಮಾಡಿದೆ. ೨೦೧೯ರಲ್ಲಿ ಕಾಯಿದೆಯೂ ಆಗಿದೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದುದನ್ನೂ, ೨೦೨೧ರಲ್ಲಿ ಪದ್ಮಶ್ರೀ ಪಡೆದುದನ್ನೂ ನಾವೆಲ್ಲರೂ ಹೆಮ್ಮೆಯಿಂದ ನೋಡಿದ್ದೇವೆ.

ಆ ಪಾಲಕರಿಗೆ ನಾನು ನನ್ನ ತರಗತಿಯದೊಂದು ಸಂಗತಿಯನ್ನು ಹೇಳಿದೆ. ಮೃದುವಾದ ದನಿಯ ಹುಡುಗನೊಬ್ಬನಿದ್ದ. ನಾನು ಮೂರು ಲಿಂಗಗಳನ್ನು ಬೋಧಿಸಿ, ಸಂಸ್ಕೃತದಲ್ಲಿ ಹೆಂಡತಿ ಎಂಬರ್ಥದ 'ದಾರಾ' ಪುಲ್ಲಿಂಗ, 'ಕಲತ್ರ' ನಪುಂಸಕಲಿಂಗವೆಂದು ಚಮತ್ಕಾರವಾಗಿ ವಿವರಿಸುತ್ತಿದ್ದಾಗ, ಹಿಂದಿನ ಹಲಗೆಯ ಹುಡುಗರು ಅವನನ್ನು ತೋರಿಸಿ 'ನಪುಂಸಕಲಿಂಗ' ಎಂದರು. ಎಲ್ಲರೂ ನಕ್ಕರು. ನಾನೂ ಮುಗುಳ್ನಕ್ಕೆ. ಆ ವರ್ಷವಿಡೀ ಹುಡುಗ ತರಗತಿಯಲ್ಲಿ ಬಾಯಿ ತೆರೆದು ಓದಲಿಲ್ಲ. ಜೇಡರ ದಾಸಿಮಯ್ಯನ ಪ್ರಸಿದ್ಧ ವಚನವೊಂದಿದೆ. ಹೊರಗಿನ ಕುರುಹುಗಳಿಂದ ಹೆಣ್ಣುಗಂಡೆಂದು ಎಣಿಸುವ ಲೋಕಕ್ಕೆ, ಒಳಗಿರುವ ಆತ್ಮ ಎರಡೂ ಅಲ್ಲವೆಂದು ತಿಳಿಸುವುದು ಅದರ ತಾತ್ಪರ್ಯ. ಅದರಲ್ಲಿ ದೇಹದ ಅಂಗವನ್ನು ಹೆಸರಿಸುವ ಪದ ಬರುತ್ತದೆಂದು ನಾನು ವರ್ಷಗಟ್ಟಲೆ ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಯೇ ಇರಲಿಲ್ಲ. "ಯಾರನ್ನೂ ಬದಲಿಸಲು ನಾವು ಕಲಿಸುವುದಿಲ್ಲ. ಇದ್ದವರನ್ನು ಹೀಯಾಳಿಸಬಾರದೆಂದು ಕಲಿಸುತ್ತೇವೆ" ಎಂದೆ. ಅವರು ಪೂರ್ತಿ ಒಪ್ಪಿದರೆನ್ನಲಾರೆ. ಸುಮ್ಮನೆ ಕುಳಿತರು.

ಆಗ ಹಿಂದಿನ ಸಾಲಿನಿಂದ ತಾಯಿಯೊಬ್ಬಳು ಎದ್ದು ನಿಂತಳು. ಮೊದಲು ಗುರುತು ಹತ್ತಲಿಲ್ಲ. ದನಿ ಕೇಳಿದೊಡನೆ ಹತ್ತಿತು. ೧೯೯೯ರಲ್ಲಿ ನಾನು ಕುಳ್ಳಿರಿಸಿದ್ದ ಹುಡುಗಿ. ಆಕೆಯ ಮಗಳು ಈಗ ನಮ್ಮಲ್ಲಿ ಒಂಬತ್ತನೆಯ ತರಗತಿ.

"ಗುರುಗಳ, ಅವತ್ತು ನೀವು ಹೇಳಲಿಲ್ಲ. ನಮ್ಮವ್ವನೂ ಹೇಳಲಿಲ್ಲ. ಮೊದಲ ಸಲ ಆದಾಗ ನನಗ ಏನೋ ದೊಡ್ಡ ರೋಗ ಬಂತು, ಸಾಯ್ತೀನಿ ಅಂತ ತಿಳಕೊಂಡಿದ್ದೆ. ನನ್ನ ಮಗಳಿಗೆ ಹೇಳ್ರಿ. ಆದ್ರ ಹೇಳೂಕಿಂತ ಮೊದಲ ನನಗ ತೋರಸ್ರಿ. ಆಕಿ ಮನ್ಯಾಗ ಬಂದು ಕೇಳಿದ್ರ ನಾನೂ ಏನರ ಹೇಳಬೇಕಲ್ರಿ."

ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು. ಎರಡು ದಶಕಗಳಿಂದ ನಾಡಿನಲ್ಲಿ ನಡೆದ ವಾದವಿವಾದಗಳಿಗೆಲ್ಲ ಉತ್ತರವೂ ಆ ಮಾತಿನಲ್ಲಿಯೇ ಇದೆಯೆಂದು ತೋರಿತು. ಕಲಿಸಬೇಕು, ಮೊದಲು ತಾಯಿಗೆ ತೋರಿಸಬೇಕು. ಶಾಲೆ ಹೇಳಿದ ಮಾತನ್ನು ಮನೆ ಮುಂದುವರಿಸಿದರೆ ಮಾತ್ರ ಅದು ಮಗುವಿಗೆ ದಕ್ಕೀತು.

ಸಭೆಯಲ್ಲಿ ನಾಲ್ಕು ನಿರ್ಣಯಗಳಾದವು. ಪುಸ್ತಿಕೆ ಪ್ರತಿವರ್ಷ ಪಾಲಕರ ಕಣ್ಣಿಗೆ ಬಿದ್ದ ಮೇಲೆಯೇ ತರಗತಿಗೆ ಹೋಗತಕ್ಕದ್ದು. ದೇಹಧರ್ಮದ ಪಾಠವನ್ನು ಹೆಣ್ಣುಮಕ್ಕಳಿಗೆ ಅಕ್ಕೋರು, ಗಂಡುಮಕ್ಕಳಿಗೆ ಗುರುಗಳು ಪ್ರತ್ಯೇಕವಾಗಿ ಹೇಳತಕ್ಕದ್ದು. ಮುಟ್ಟಿನ ವಿಷಯ ಗಂಡುಮಕ್ಕಳಿಗೂ ತಿಳಿಯತಕ್ಕದ್ದೆಂದು ತಾಯಂದಿರೇ ಪಟ್ಟು ಹಿಡಿದರು. ಸುರಕ್ಷತೆಯ ಪಾಠಕ್ಕೆ ಯಾರಿಗೂ ವಿನಾಯಿತಿಯಿಲ್ಲ. ಇಷ್ಟಾದರೂ ಇಬ್ಬರು ಪಾಲಕರು ಮಿಕ್ಕ ಪಾಠಗಳಿಗೆ ಸಮ್ಮತಿಸಲಿಲ್ಲ. ಅವರ ಮಕ್ಕಳನ್ನು ಆ ತಾಸಿನಲ್ಲಿ ವಾಚನಾಲಯಕ್ಕೆ ಕಳಿಸುತ್ತೇವೆ. ಅವರ ಮೇಲೆ ನಮಗೆ ಮುನಿಸಿಲ್ಲ. ಅವರೂ ಒಂದು ದಿನ ಬಂದು ಪುಸ್ತಿಕೆಯನ್ನು ಮತ್ತೊಮ್ಮೆ ಓದಿಯಾರು.

ಸಭೆಯ ಮರುವಾರ ಒಂಬತ್ತನೆಯ ತರಗತಿಯಲ್ಲಿ ಪಂಚಸೂತಕಗಳ ಪಾಠ ಬಂದಿತು. ಐದನ್ನೂ ಹಲಗೆಯ ಮೇಲೆ ಬರೆದೆ. ಐದನೆಯದನ್ನು ಮೊದಲು ವಿವರಿಸಿದೆ: ರಜಸ್ಸೆಂದರೆ ಮುಟ್ಟು, ಅದು ಸೃಷ್ಟಿಯ ಸಹಜ ಧರ್ಮ, ಅದರಿಂದ ಯಾರೂ ಮೈಲಿಗೆಯಾಗುವುದಿಲ್ಲವೆಂದು ಶರಣರು ಸಾರಿದರು. ಕೈ ಸ್ವಲ್ಪ ನಡುಗಿದ್ದು ನಿಜ. ಯಾರೂ ನಗಲಿಲ್ಲ. ಹುಡುಗನೊಬ್ಬ ಕೈಯೆತ್ತಿ, "ಹಂಗಾದ್ರ ನಮ್ಮ ಆಯಿ ನಮ್ಮ ಅಕ್ಕನ್ನ ಹೊರಗ ಕುಂದ್ರಸೂದು ತಪ್ಪೇನ್ರಿ?" ಎಂದು ಕೇಳಿದ. "ತಪ್ಪು. ಆಯಿಗೆ ಮರ್ಯಾದೆಯಿಂದ ಹೇಳು. ಕೇಳದಿದ್ದರೆ ನಾನು ಬಂದು ಹೇಳುತ್ತೇನೆ" ಎಂದೆ.

ಮುಂದಿನ ಸಾಲಿನಲ್ಲಿ ಆ ತಾಯಿಯ ಮಗಳು ಕುಳಿತಿದ್ದಳು. ಐದೂ ಪದಗಳನ್ನು ಅರ್ಥ ಸಹಿತ ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಇಪ್ಪತ್ತೈದು ವರ್ಷಗಳ ಹಿಂದೆ ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಅಂದು ಸಂಜೆ ಆ ಮನೆಗೆ ತಲುಪಿರಬೇಕು.

ಪೂಜ್ಯ ಶ್ರೀಗಳವರ ಕೃಪೆಯಿಂದಲೂ, ದಾನಿಗಳ ಔದಾರ್ಯದಿಂದಲೂ ಬೆಳೆದ ಈ ವಿದ್ಯಾಲಯದಲ್ಲಿ ಇನ್ನು ಮುಂದೆ ಯಾವ ಮಗುವಿಗೂ 'ಅದು ಪರೀಕ್ಷೆಗೆ ಬರುವುದಿಲ್ಲ' ಎಂಬ ಉತ್ತರ ಸಿಗದಿರಲಿ ಎಂದು ಪ್ರಾರ್ಥಿಸಿ ಈ ನಾಲ್ಕು ಮಾತುಗಳನ್ನು ಮುಗಿಸುತ್ತೇನೆ.