ಗಂಜಿಯ ಋಣ

ಧಾತು ಸಂವತ್ಸರದಲ್ಲಿ ಹಿಡಿದ ಬರ ಮೈಸೂರು ಸೀಮೆಯನ್ನು ಗುಡಿಸಿಹಾಕಿತು. 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಗೆ 42 ಲಕ್ಷಕ್ಕೂ ಕೆಳಗಿಳಿಯಿತು. ಹೆತ್ತವರು ಹಾದಿಯಲ್ಲೇ ಸತ್ತರು, ಉಳಿದ ಕೂಸುಗಳು ಗಂಜಿ ಹುಡುಕಿಕೊಂಡು ಬಂದವು. ಅಂಥ ಅನಾಥರಿಗಾಗಿ ಫ್ರೆಂಚ್ ಕ್ರೈಸ್ತ ಗುರುಗಳು ನೆಲಮಂಗಲದ ಸೀಮೆಯಲ್ಲಿ ಕಟ್ಟಿದ ಬೇಸಾಯದ ನೆಲೆಯೇ ಸಿಲುವೇಪುರ.

ಇಂಥ ಊರಿನವರನ್ನು ಗಂಜಿಗಾಗಿ ಮತ ಬಿಟ್ಟವರೆಂದು ಜರೆಯುವುದುಂಟು. ಆ ಮಾತಿನಲ್ಲಿ ನಿಜದ ಪಾಲೂ ಇದೆ: ಹಸಿದವನಿಗೆ ಬೇಡವೆನ್ನುವ ಸ್ವಾತಂತ್ರ್ಯವಿಲ್ಲ. ಕರಾರು ಹಾಕಿ ಬಡಿಸಿದ ಅನ್ನವನ್ನು ನಾನು ಸೇವೆ ಎನ್ನಲಾರೆ. ಆದರೆ ತಬ್ಬಲಿ ಹುಡುಗಿಯೊಬ್ಬಳು ತನ್ನ ಬಟ್ಟಲು ತುಂಬಿದ ಕೈಯಲ್ಲಿ ದೇವರನ್ನು ಕಂಡಿದ್ದರೆ, ಅವಳ ನಂಬಿಕೆ ಪುಸ್ತಕ ಓದಿ ನಂಬಿದವರದಕ್ಕಿಂತ ಹೇಗೆ ಕಡಿಮೆ? ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದ ಕಡೆಯ ತೀರ್ಪಿನಲ್ಲಿ ಜಪ, ಉಪವಾಸಗಳ ಲೆಕ್ಕವೇ ಇಲ್ಲ. ಹಸಿದವರಿಗೆ ಉಣಿಸಿದೆಯಾ, ರೋಗಿಯನ್ನು ನೋಡಲು ಹೋದೆಯಾ, ಸೆರೆಯಲ್ಲಿದ್ದವರನ್ನು ಕಂಡೆಯಾ ಎಂಬುದೇ ಅಲ್ಲಿಯ ವಿಚಾರಣೆ.

ಈ ಅಧ್ಯಾಯ ನನಗೆ ಬಾಯಿಪಾಠವಿತ್ತು, ನಂಬಿಕೆ ಮಾತ್ರ ಆರಿಹೋಗಿತ್ತು. ಭಾನುವಾರದ ಪೂಜೆಗೆ ಹೋಗಿ, ಎಲ್ಲರೂ ನಿಂತಾಗ ನಿಂತು, ಮಂಡಿಯೂರಿದಾಗ ಮಂಡಿಯೂರಿ ಬರುತ್ತಿದ್ದೆ. ಹಾಸಿಗೆ ಹಿಡಿದವರ ಆರೈಕೆಗೆಂದು ಹಳ್ಳಿ ತಿರುಗುವ ಸಿಸ್ಟರ್ ಒಬ್ಬರು, "ಗಾಡಿ ಓಡಿಸೋಕೆ ಬರ್ತೀಯೇನಪ್ಪ?" ಎಂದರು. ಒಪ್ಪಿದೆ.

ಶಿವಗಂಗೆಯ ಕಡೆಯ ಹಳ್ಳಿಯೊಂದರಲ್ಲಿ ಅಜ್ಜಿಯೊಬ್ಬರಿಗೆ ಬೆನ್ನ ತುಂಬ ಹಾಸಿಗೆ ಹುಣ್ಣು. ಸಿಸ್ಟರ್ ಉಪ್ಪುನೀರಿನಲ್ಲಿ ತೊಳೆಯುವಾಗ ಅಜ್ಜಿಯನ್ನು ಮಗ್ಗುಲಿಗೆ ಹೊರಳಿಸಿ ಹಿಡಿದಿರುವುದು ನನ್ನ ಕೆಲಸ. ಮೊದಮೊದಲು ವಾಸನೆಗೆ ಹೊಟ್ಟೆ ತೊಳಸುತ್ತಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಸೊಸೆಗೆ ತೋರಿಸಿಕೊಟ್ಟೆವು. ಬರಬರುತ್ತ ಹುಣ್ಣಿನ ಅಂಚಿನಲ್ಲಿ ಹೊಸ ಚರ್ಮ ಕೆಂಪಗೆ ಮೂಡುವುದನ್ನು ನೋಡಲೆಂದೇ ನಾನು ಕಾಯತೊಡಗಿದೆ. ಗೋಡೆಯ ಮೇಲೆ ಗಂಗಾಧರೇಶ್ವರನ ಪಟವಿತ್ತು. ಅದರ ಮುಂದಿನ ದೀಪಕ್ಕೆ ಎಣ್ಣೆ ಇದೆಯೇ ಎಂದು ಸಿಸ್ಟರ್ ಬಗ್ಗಿ ನೋಡಿದ್ದನ್ನು ಕಂಡಿದ್ದೇನೆ.

ಒಂದು ದಿನ ಹೊರಡುವಾಗ ಅಜ್ಜಿ ನನ್ನ ಕೈ ಬಿಡಲಿಲ್ಲ. "ನಮ್ ಸ್ವಾಮೀನ ದಿನಾ ಕೇಳ್ಕಂತೀನಿ ಕಣಪ್ಪ. ನಿಮ್ ಸ್ವಾಮೀಗೂ ಒಂದ್ ಮಾತು ಹೇಳು. ನನ್ ನೋಡ್ಕಳಾಕೆ ಸೊಸೆ ಕೂಲಿ ಬಿಟ್ಟವ್ಳೆ, ಮನೇಲಿ ಹಿಟ್ಟಿಗೆ ತೊಂದ್ರೆ ಆಗ್ಬಾರ್ದು."

ನನ್ನ ಸ್ವಾಮಿಯೊಡನೆ ನಾನು ಮಾತು ಬಿಟ್ಟು ವರ್ಷಗಳಾಗಿದ್ದವು. ಅಜ್ಜಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೂ ಅವರು ಕೇಳದೆ ಬಿಡುತ್ತಿರಲಿಲ್ಲವೇನೋ. ಆ ರಾತ್ರಿ ಕುಳಿತು ಪರಲೋಕ ಮಂತ್ರ ಹೇಳಿದೆ. ಅದರ ನಡುವೆ ಅನ್ನ ಬೇಡುವ ಸಾಲಿದೆ. ಹೊಟ್ಟೆ ತುಂಬಿದವನಾಗಿ ಅಷ್ಟು ವರ್ಷ ಹೇಳಿಕೊಂಡು ಬಂದಿದ್ದೆ. ಅಂದು ಆ ಮನೆಯ ಹಿಟ್ಟಿನ ಡಬ್ಬಿ ಕಣ್ಣ ಮುಂದೆ ಬಂದು, ನಿಜವಾಗಿ ಬೇಡಿದೆ. ಬೇಡಿದ ಮೇಲೆ ಸುಮ್ಮನಿರಲಾಗಲಿಲ್ಲ. ಬೆಳಗ್ಗೆ ನೆಲಮಂಗಲದಲ್ಲಿ ಅಂಗಡಿ ತೆರೆಯುತ್ತಲೇ ರಾಗಿ ಮೂಟೆ ಕಟ್ಟಿಸಿ ಗಾಡಿಗೆ ಹಾಕಿಕೊಂಡೆ. ಸಿಸ್ಟರಿಗೆ, ಇನ್ನು ಬೇರೆ ಡ್ರೈವರನ್ನು ಹುಡುಕುವುದು ಬೇಡ ಎಂದೆ.