ಅರವತ್ತರ ಪಾದ್ರಿಯ ಪ್ರೇಮ

ಕ್ರೈಸ್ತ ಪ್ರೇಮ ಕಾದಂಬರಿ ಎಂದೊಡನೆ ನಾಲ್ಕು ಪ್ರಾರ್ಥನೆ, ಒಂದಿಷ್ಟು ಕಣ್ಣೀರು, ಕೊನೆಗೊಂದು ಮದುವೆ ಎಂದು ಪುಸ್ತಕವನ್ನು ಪಕ್ಕಕ್ಕಿಡುವವರು ಬಹಳ. ಜ್ಯಾನ್ ಕ್ಯಾರನ್ ಅವರ ಮಿಟ್‌ಫರ್ಡ್ ಕಾದಂಬರಿಗಳ ಮಟ್ಟಿಗೆ ಅದು ಅನ್ಯಾಯ. ಜಾಹೀರಾತಿನ ಕೆಲಸ ಬಿಟ್ಟು ಅಮೆರಿಕದ ಉತ್ತರ ಕೆರೊಲಿನಾದ ಬ್ಲೋಯಿಂಗ್ ರಾಕ್ ಎಂಬ ಬೆಟ್ಟದೂರಿಗೆ ಬಂದು ನೆಲೆಸಿದ ಕ್ಯಾರನ್, ಅಲ್ಲಿನ ಸ್ಥಳೀಯ ಪತ್ರಿಕೆಗೆ ವಾರವಾರ ಬರೆದ ಕಥೆಯೇ 1994ರಲ್ಲಿ ‘ಅಟ್ ಹೋಮ್ ಇನ್ ಮಿಟ್‌ಫರ್ಡ್’ ಆಯಿತು. ಕಥಾನಾಯಕ ಟಿಮ್ ಅರವತ್ತರ ಆಸುಪಾಸಿನ ಬ್ರಹ್ಮಚಾರಿ, ಸಕ್ಕರೆ ಕಾಯಿಲೆಯವನು, ಎಪಿಸ್ಕೋಪಲ್ ಸಭೆಯ ಪಾದ್ರಿ. ಕರ್ನಾಟಕದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭಾಪಾಲಕರಂತೆ ಆ ಸಭೆಯ ಪಾದ್ರಿಗಳಿಗೂ ಮದುವೆಗೆ ಅಡ್ಡಿಯಿಲ್ಲ. ಹಾಗಾಗಿ ಕಥೆಯ ತೊಡಕು ವ್ರತಭಂಗದ್ದಲ್ಲ.

ತೊಡಕಿರುವುದು ಅವನ ಒಳ್ಳೆಯತನದಲ್ಲೇ. ಮಿಟ್‌ಫರ್ಡ್ ಎಂಬ ತನ್ನ ಊರಿನವರ ಕಾಯಿಲೆ ಕಸಾಲೆ ವಿಚಾರಿಸುತ್ತಾನೆ, ಎಲ್ಲರ ಅಳಲಿಗೂ ಕಿವಿಗೊಡುತ್ತಾನೆ, ಮನೆಬಾಗಿಲಿಗೆ ಬಂದ ಡೂಲಿ ಎಂಬ ಒರಟು ಹುಡುಗನನ್ನು ಸಾಕುತ್ತಾನೆ. ಬೈಬಲ್ ವಚನ ಕೇಳಿದರೆ ಮಾತ್ರ ತಣ್ಣಗಾಗುವ ಆನೆಗಾತ್ರದ ನಾಯಿಗೂ ಅವನ ಮನೆಯಲ್ಲಿ ಜಾಗವಿದೆ. ಆದರೆ ಮಕ್ಕಳ ಪುಸ್ತಕ ಬರೆದು ತಾನೇ ಚಿತ್ರ ಬಿಡಿಸುವ ಸಿಂಥಿಯಾ ಪಕ್ಕದ ಮನೆಗೆ ಬಂದು, ನಡುವಿನ ಗಿಡಬೇಲಿಯ ಸಂದಿನಲ್ಲಿ ನುಸುಳಿ ಇತ್ತ ಬರತೊಡಗಿದಾಗ ಅವನು ಹೆದರುತ್ತಾನೆ. ಇನ್ನೊಬ್ಬರ ಗುಟ್ಟು ಕೇಳುವವನು ತನ್ನದನ್ನು ಹೇಳಿಕೊಳ್ಳಬೇಕಾಗಿಲ್ಲ. ಸೇವೆ ಅವನಿಗೆ ಗೊತ್ತಿಲ್ಲದೆಯೇ ಅಡಗುತಾಣವಾಗಿದೆ. 1995ರ ‘ಎ ಲೈಟ್ ಇನ್ ದ ವಿಂಡೋ’ದಲ್ಲಿ ಅವಳು ಕೆಲಸದ ಮೇಲೆ ನ್ಯೂಯಾರ್ಕಿಗೆ ಹೋದಾಗ ಇಬ್ಬರ ನಡುವೆ ಪತ್ರಗಳು ಓಡಾಡುತ್ತವೆ. ಇಷ್ಟು ಸಣ್ಣ ಅಂಜಿಕೆಯನ್ನು ಹತ್ತಿರದಿಂದ ನೋಡಬೇಕಾದರೆ ಶೃಂಗಾರದ ಅಬ್ಬರ ಇರಬಾರದು. ಈ ಬಗೆಯ ಕಾದಂಬರಿಯ ಸಂಯಮ ಮಡಿವಂತಿಕೆಯಷ್ಟೇ ಅಲ್ಲ, ಕಸುಬಿನ ಅಗತ್ಯವೂ ಹೌದು ಎಂದು ನಾನು ವಾದಿಸುವುದು ಇದಕ್ಕಾಗಿ.

ಪ್ರಾರ್ಥನೆಯಿಂದ ಎಲ್ಲ ಸರಿಹೋಗುತ್ತದಲ್ಲ ಎಂಬ ಆಕ್ಷೇಪವಿದೆ. ಟಿಮ್ ನೆಚ್ಚಿಕೊಂಡ ಪ್ರಾರ್ಥನೆ ಮಾತ್ರ ವರ ಕೇಳುವಂಥದಲ್ಲ. ದೇವರ ಚಿತ್ತದಂತೆ ಆಗಲಿ ಎಂಬುದಷ್ಟೇ. ಡೂಲಿಯ ತಾಯಿ ಕುಡಿತಕ್ಕೆ ಬಿದ್ದು ಮಕ್ಕಳನ್ನು ಬೇರೆಬೇರೆಯವರಿಗೆ ಕೊಟ್ಟುಬಿಟ್ಟವಳು. ಆ ಮಕ್ಕಳನ್ನು ಹುಡುಕಿ ಕೂಡಿಸುವ ಕೆಲಸ ಒಂದೇ ಪುಸ್ತಕದಲ್ಲಿ ಮುಗಿಯುವುದಿಲ್ಲ. ಬಡತನ, ವ್ಯಸನಗಳಿಗೆ ಈ ಊರು ಕಣ್ಣುಮುಚ್ಚಿಲ್ಲ. ವರ್ಣಭೇದದ ವಿಷಯದಲ್ಲಿ ಮಾತ್ರ ಆಕ್ಷೇಪಕರ ಕಡೆಗೇ ನಾನು ನಿಲ್ಲುತ್ತೇನೆ: ಶ್ರೀಮಂತ ಬಿಳಿಯ ಮುದುಕಿ ಸೇಡಿ ಮತ್ತು ಅವಳ ಜೊತೆಗೇ ಬೆಳೆದ ಕಪ್ಪು ಹೆಂಗಸು ಲುಯೆಲಾ ಇವರ ಅಕ್ಕರೆ ಚೆನ್ನಾಗಿ ಬಂದಿದೆಯಾದರೂ, ಅಮೆರಿಕದ ದಕ್ಷಿಣದ ರಾಜ್ಯಗಳ ಆ ಕಹಿ ಚರಿತ್ರೆ ಅಕ್ಕರೆಯ ಹಿಂದೆ ಮರೆಯಾಗಿಬಿಡುತ್ತದೆ.

ಕೊನೆ ಮೊದಲೇ ಗೊತ್ತಲ್ಲ ಎನ್ನುವವರಿಗೆ ಕ್ಯಾರನ್ ಪುಸ್ತಕಗಳ ಕ್ರಮವೇ ಉತ್ತರ. 1996ರ ಮೂರನೆಯ ಕಾದಂಬರಿ ತೆರೆಯುವ ಹೊತ್ತಿಗೆ ಇಬ್ಬರಿಗೂ ಮದುವೆಯಾಗಿಬಿಟ್ಟಿದೆ. ಓದುಗರು ಕಾದಿದ್ದ ಮದುವೆಯ ಕಥೆ ಪುಸ್ತಕವಾಗಿ ಬಂದದ್ದು 2001ರಲ್ಲಿ. ಅದಕ್ಕೂ ಮೊದಲು ಕ್ಯಾರನ್ ಅವರಿಗೆ ಬರೆಯಬೇಕೆನಿಸಿದ್ದು, ಅಷ್ಟು ವರ್ಷ ಒಂಟಿಯಾಗಿ ಬಾಳಿದ ಮನುಷ್ಯ ತನ್ನ ಮನೆಯಲ್ಲಿ, ತನ್ನ ದಿನಚರಿಯಲ್ಲಿ ಇನ್ನೊಬ್ಬಳಿಗೆ ಹೇಗೆ ಜಾಗ ಮಾಡಿಕೊಡುತ್ತಾನೆ ಎಂಬುದನ್ನು.