ಎಡಗಡೆ ಪೈಪಿನ ನೀಲಿ

ಬೆಳಿಗ್ಗೆ ಒಂಬತ್ತೂವರೆ. ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ ಗ್ಯಾರೇಜಿನ ಷಟರ್ ಆಗಷ್ಟೇ ಮೇಲೆದ್ದಿದೆ. ಒಳಗೆ ಕಾಲಿಡಲು ಜಾಗವಿಲ್ಲ, ಕೆಲಸವೆಲ್ಲ ಹೊರಗೆ ಫುಟ್‌ಪಾತಿನ ಮೇಲೆ. ಸ್ಟ್ಯಾಂಡ್ ಹಾಕಿ ನಿಲ್ಲಿಸಿರುವುದು ಯೆಜ್ಡಿ ರೋಡ್‌ಕಿಂಗ್, 250 ಸಿಸಿ. ಮೇಸ್ತ್ರಿ ಮಣೆ ಎಳೆದುಕೊಂಡು ಅದರ ಮುಂದೆ ಕೂತಿದ್ದಾರೆ, ಸ್ಪ್ಯಾನರ್ ಇನ್ನೂ ಮುಟ್ಟಿಲ್ಲ. ನೀವೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಅವರು ನೋಡುವ ಕಡೆಗೇ ನೋಡಿ.

ಸಿಲಿಂಡರಿನಿಂದ ಎರಡು ಪೈಪು ಹೊರಬಂದು, ಬಾಗಿ, ಹಿಂದಕ್ಕೆ ಹರಿದಿವೆ. ಬಲಗಡೆಯದರ ಬಾಗಿನಲ್ಲಿ ಕ್ರೋಮಿನ ಮೇಲೆ ತೆಳು ಹಳದಿ, ಅಷ್ಟೇ. ಎಡಗಡೆಯದು ಹಳದಿ ದಾಟಿ, ಕಂದು ದಾಟಿ, ನೇರಳೆ ಅಂಚಿನ ಕಡುನೀಲಿಗೆ ತಿರುಗಿದೆ.

"ಲೀನ್ ಆಗಿದೆ ಅಂತ ಎಲ್ರೂ ಹೇಳ್ತಿದ್ದಾರೆ. ದೊಡ್ಡ ಜೆಟ್ ಹಾಕ್ಬಿಡಿ ಅಣ್ಣ," ಎನ್ನುತ್ತಾನೆ ಗಾಡಿಯ ಹುಡುಗ. ಅವನ ಅಪ್ಪ ಓಡಿಸುತ್ತಿದ್ದ ಗಾಡಿ ಅದು. ಲೀನ್ ಎಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲದ ಮಿಶ್ರಣ; ಜೆಟ್ ಎಂದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹರಿಯುವ ತೂತು.

"ಸಿಲಿಂಡರ್ ಎಷ್ಟಪ್ಪ?"

"ಒಂದು."

"ಕಾರ್ಬುರೇಟರು?"

"ಒಂದೇ."

"ಮತ್ತೆ ಒಂದೇ ಪೈಪ್ ಹೆಂಗಪ್ಪ ಲೀನ್ ಆಗುತ್ತೆ?"

ಹುಡುಗ ಸುಮ್ಮನಾಗುತ್ತಾನೆ. ಈ ಪ್ರಶ್ನೆ ಬೇರೆ ಗಾಡಿಗಳ ಮುಂದೆ ಹುಟ್ಟುವುದೇ ಅಪರೂಪ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಕಟ್ಟಿದ ಈ ವಂಶದ 250ಗಳಲ್ಲಿ ಸಿಲಿಂಡರ್ ಒಂದಾದರೂ ಹೊಗೆ ಹೊರಡುವ ಬಾಗಿಲು ಎರಡು. ಒಳಗೆ ಉರಿಯುವ ಮಿಶ್ರಣ ಒಂದೇ ಆದಮೇಲೆ ಎರಡು ಪೈಪಿನ ಬಣ್ಣವೂ ಹೆಚ್ಚುಕಡಿಮೆ ಒಂದೇ ಇರಬೇಕು. ಇಲ್ಲ ಎಂದರೆ ದೋಷ ಕಾರ್ಬುರೇಟರಿನಲ್ಲಿ ಮಾತ್ರ ಇಲ್ಲ ಎಂದಾಯಿತು.

ಈ ಬಣ್ಣಗಳು ಬಳಿದವಲ್ಲ. ಲೋಹ ಕಾದಾಗ ಮೈಮೇಲೆ ಆಕ್ಸೈಡಿನ ತೆಳುಪದರ ಕಟ್ಟುತ್ತದೆ, ಕಾವು ಏರಿದಂತೆ ಅದು ದಪ್ಪವಾಗಿ ಬಣ್ಣ ಬದಲಿಸುತ್ತದೆ. ಬರಿಯ ಉಕ್ಕಿನಲ್ಲಿ ತೆಳು ಹಳದಿ ಸುಮಾರು 230 ಡಿಗ್ರಿ ಸೆಲ್ಸಿಯಸ್ಸಿಗೆ, ನೇರಳೆ 280ರ ಆಸುಪಾಸಿಗೆ, ನೀಲಿ 300ಕ್ಕೆ ಬರುತ್ತದೆ. ಕ್ರೋಮಿಗೆ ಇನ್ನೂ ಹೆಚ್ಚು ಕಾವು ಬೇಕು. ಸರ್ ಸಿ.ವಿ. ರಾಮನ್ 1922ರಲ್ಲೇ ಹದಗೊಳಿಸಿದ ಉಕ್ಕಿನ ಬಣ್ಣಗಳ ಬಗ್ಗೆ 'ನೇಚರ್' ಪತ್ರಿಕೆಯಲ್ಲಿ ಟಿಪ್ಪಣಿ ಬರೆದಿದ್ದರು. 1933ರಲ್ಲಿ ಬೆಂಗಳೂರಿಗೆ ಬಂದ ಅವರ 'ಪಂಚವಟಿ' ಮನೆ ಇರುವುದು ಇಲ್ಲಿಂದ ದೂರವೇನಲ್ಲ, ಮಲ್ಲೇಶ್ವರದಲ್ಲಿ. ನೀಲಿಗಟ್ಟಿದ ಪೈಪು ಕಂಡಾಗಲೆಲ್ಲ ನನಗೆ ಆ ಟಿಪ್ಪಣಿ ನೆನಪಾಗುತ್ತದೆ.

ಮೇಸ್ತ್ರಿ ಎದ್ದು ಲಿವರನ್ನು ಹಿಂದಕ್ಕೆ ಮಡಿಸುತ್ತಾರೆ. ಗೇರ್ ಹಾಕುವುದೂ ಅದೇ, ಕಿಕ್ ಹೊಡೆಯುವುದೂ ಅದೇ. ಎರಡನೇ ಕಿಕ್ಕಿಗೆ ಎಂಜಿನ್ ಹಿಡಿಯುತ್ತದೆ, ಬೀದಿ ತುಂಬ ಆ ಪರಿಚಿತ ಸದ್ದು. ಹಿಂದೆ ಹೋಗಿ ಎರಡೂ ಸೈಲೆನ್ಸರ್ ಬಾಯಿಗೆ ಸ್ವಲ್ಪ ದೂರದಲ್ಲಿ ಅಂಗೈ ಒಡ್ಡುತ್ತಾರೆ. "ನೀವೂ ಹಿಡೀರಿ ಸಾರ್, ಹತ್ತಿರ ಬೇಡ." ಎಡಗೈಗೆ ಬಿಸಿಯುಸಿರು ಬಲವಾಗಿ ಬಡಿಯುತ್ತದೆ. ಬಲಗೈಗೆ ತಾಕಿಯೂ ತಾಕದಷ್ಟು.

ಬಲಗಡೆ ಸೈಲೆನ್ಸರಿನ ಬೋಲ್ಟ್ ಬಿಚ್ಚಿ ಒಳಗಿನ ಬಫಲ್ ಎಳೆದರೆ ಅದು ಜಗ್ಗುವುದೇ ಇಲ್ಲ. ಕೊನೆಗೆ ಪ್ಲೈಯರಿಗೆ ಸಿಕ್ಕಿ ಹೊರಬಂದಾಗ ತೂತುಗಳು ಕಾಣದಷ್ಟು ಜಿಡ್ಡುಗಟ್ಟಿದ ಕರಿ ಇಂಗಾಲ. ಬಲದ ದಾರಿ ಮುಚ್ಚಿಹೋಗಿ ಎಡದ ಪೈಪು ಇಬ್ಬರ ಪಾಲಿನ ಬೆಂಕಿಯನ್ನೂ ಹೊರುತ್ತಿತ್ತು. ದೊಡ್ಡ ಜೆಟ್ ಹಾಕಿದ್ದರೆ ಇನ್ನಷ್ಟು ಇಂಗಾಲ ಕಟ್ಟುತ್ತಿತ್ತು, ಅಷ್ಟೇ. ಗ್ಯಾರೇಜಿನ ಪುಟ್ಟ ಹುಡುಗ ಬಫಲನ್ನು ಬ್ಲೋ ಲ್ಯಾಂಪಿನ ಮುಂದೆ ಹಿಡಿದು ಸುಡಲು, ತಂತಿ ಬ್ರಷ್ಷಿನಲ್ಲಿ ಉಜ್ಜಲು ಕೂರುತ್ತಾನೆ.

ಅಷ್ಟಕ್ಕೆ ಮುಗಿಯಿತೆಂದುಕೊಂಡವರಿಗೆ ಮೇಸ್ತ್ರಿ ಪ್ಲಗ್ ಬಿಚ್ಚಿ ತೋರಿಸುತ್ತಾರೆ. ಪಿಂಗಾಣಿಯ ತುದಿ ಹುರಿದ ಕಾಫಿಪುಡಿಯ ಬಣ್ಣಕ್ಕಿರಬೇಕಿತ್ತು. ಬೂದಿಬಿಳುಪಾಗಿದೆ. ಅಂದರೆ ಲೀನ್ ಎಂಬುದೂ ನಿಜವೇ, ಆದರೆ ಅದು ಬೇರೆ ಕಥೆ. ಆಕ್ಸಿಲರೇಟರ್ ಕೊಟ್ಟು ಬಿಟ್ಟರೆ ಆರ್‌ಪಿಎಂ ತಕ್ಷಣ ಇಳಿಯದೆ ಮೇಲೆಯೇ ತೂಗಾಡುವುದನ್ನು ಅವರು ಆಗಲೇ ಗಮನಿಸಿದ್ದರು. ಎಲ್ಲಿಂದಲೋ ಕಳ್ಳಗಾಳಿ ಎಳೆಯುತ್ತಿದೆ.

ಪ್ಲಗ್ ಮತ್ತೆ ಕೂರಿಸಿ, ಎಂಜಿನ್ ಓಡುತ್ತಿರುವಾಗಲೇ ಸಣ್ಣ ಬ್ರಷ್ಷನ್ನು ಟೂಟಿ (ಟೂ ಸ್ಟ್ರೋಕ್) ಆಯಿಲಿನಲ್ಲಿ ಅದ್ದಿ, ಕಾರ್ಬುರೇಟರ್ ಸಿಲಿಂಡರಿಗೆ ಕೂಡುವ ಜಾಗದ ಸುತ್ತ ಹಚ್ಚುತ್ತಾರೆ. ಮೇಲ್ಗಡೆ ಏನೂ ಆಗುವುದಿಲ್ಲ. ಕೆಳಗಂಚಿಗೆ ಬ್ರಷ್ ತಾಗಿದ್ದೇ ಸದ್ದು ಇಳಿದು ಹದಕ್ಕೆ ಬರುತ್ತದೆ. (ಕೆಲವರು ಇದಕ್ಕೆ ಪೆಟ್ರೋಲ್ ಚಿಮುಕಿಸುತ್ತಾರೆ. ಬಿಸಿ ಎಂಜಿನ್ ಮೇಲೆ ಅದನ್ನು ಯಾರೂ ಮಾಡಬಾರದು.) ಬಿಚ್ಚಿ ನೋಡಿದರೆ ಪ್ಯಾಕಿಂಗ್ ಹರಿದಿದೆ. ಪ್ಯಾಕಿಂಗ್ ಶೀಟಿನಲ್ಲಿ ಹೊಸದನ್ನು ಕತ್ತರಿಸುತ್ತ ಕೇಳುತ್ತಾರೆ: "ಪೆಟ್ರೋಲಿಗೆ ಆಯಿಲ್ ಎಷ್ಟು ಹಾಕ್ತೀಯಾ?"

"ಲೀಟರಿಗೆ ಅರವತ್ತು, ಎಪ್ಪತ್ತು ಎಂಎಲ್. ಎಂಜಿನ್ ತಣ್ಣಗಿರ್ಲಿ ಅಂತ."

"ಜೆಟ್ಟಿನ ತೂತು ಅಷ್ಟೇ ಇರುತ್ತಲ್ಲಪ್ಪ. ಅದರಲ್ಲಿ ಆಯಿಲ್ ಜಾಸ್ತಿ ಹೋದ್ರೆ ಪೆಟ್ರೋಲ್ ಕಮ್ಮಿ ಆಯ್ತು. ನಲವತ್ತು ಹಾಕು, ಅಳತೆ ಕಪ್ಪಲ್ಲೇ ಹಾಕು."

ಕಳ್ಳಗಾಳಿಯ ಜೊತೆಗೆ ಅಂಜಿಕೆಯಿಂದ ಹೆಚ್ಚು ಸುರಿದ ಎಣ್ಣೆಯೂ ಮಿಶ್ರಣವನ್ನು ಲೀನ್ ಮಾಡಿತು, ಅದೇ ಎಣ್ಣೆ ಬಲಗಡೆ ಬಫಲನ್ನೂ ಮುಚ್ಚಿತು. ಟೂ ಸ್ಟ್ರೋಕಿನಲ್ಲಿ ಲೀನ್ ಓಡಿಸುವುದು ಬರೀ ಕಾವಿನ ವಿಷಯವಲ್ಲ. ಪಿಸ್ಟನ್ನಿಗೆ ಎಣ್ಣೆ ತಲುಪುವುದು ಪೆಟ್ರೋಲಿನ ಜೊತೆಯಲ್ಲೇ. ಕಳ್ಳಗಾಳಿ ಹೊಕ್ಕಾಗ ಪೆಟ್ರೋಲ್ ಸಾಲದೆ ಕಾವೇರುತ್ತದೆ, ಏರಿದ ಕಾವಿಗೆ ತಕ್ಕ ಎಣ್ಣೆಯೂ ಸಿಗುವುದಿಲ್ಲ. ಪಿಸ್ಟನ್ ಹಿಡಿದುಕೊಳ್ಳುವುದು ಹೀಗೆ, ಅದೂ ಸಾಮಾನ್ಯವಾಗಿ ಹೆದ್ದಾರಿಯಲ್ಲಿ.

ಪೆಟ್ರೋಲೇ ಬದಲಾಗಿದೆ ಎಂಬುದನ್ನೂ ಸೇರಿಸಿಕೊಳ್ಳಬೇಕು. ಶೇಕಡ 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿಯಲ್ಲಿ, ಇದೇ ಬೆಂಗಳೂರಿನಲ್ಲಿ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ ಸುಮಾರು 9 ಸಾಕು. 1996ಕ್ಕೂ ಹಿಂದಿನ ಪೆಟ್ರೋಲಿಗೆ ಕೊರೆದ ಜೆಟ್ಟಿನಲ್ಲಿ ಇಂದಿನ ಪೆಟ್ರೋಲ್ ಹರಿದರೆ ಮಿಶ್ರಣ ಲೀನ್ ಕಡೆಗೆ ವಾಲುತ್ತದೆ. ಸುಮಾರು 920 ಮೀಟರ್ ಎತ್ತರದ ನಮ್ಮೂರಿನ ತೆಳು ಗಾಳಿ ಸ್ವಲ್ಪ ಕಾಪಾಡುತ್ತದೆ. ಇದೇ ಗಾಡಿ ಘಾಟಿ ಇಳಿದು ಮಂಗಳೂರು ಸೇರಿದರೆ ಆ ರಕ್ಷಣೆಯೂ ಇಲ್ಲ.

ಪ್ಯಾಕಿಂಗ್ ಕೂತಿತು, ಬಫಲ್ ಒಳಹೋಯಿತು. ಪಾಯಿಂಟ್ ಮತ್ತು ಟೈಮಿಂಗ್ ನೋಡಿದ್ದೂ ಆಯಿತು; ಕಿಡಿ ತಡವಾಗಿ ಹಾರಿದರೂ ಬೆಂಕಿ ಪೈಪಿನವರೆಗೆ ಬರುತ್ತದೆ. ಹಳೆಯ ಪೆಟ್ರೋಲ್ ಇಳಿಸಿ, ಹೊಸದನ್ನು ಅಳೆದು ಬೆರೆಸಿ, ಹೊಸ ಪ್ಲಗ್ ಹಾಕಿ ಮೇಸ್ತ್ರಿ ನಿಮ್ಮನ್ನು ಹಿಂದೆ ಕೂರಿಸಿಕೊಳ್ಳುತ್ತಾರೆ. ಬುಲ್ ಟೆಂಪಲ್ ರಸ್ತೆ, ರಾಮಕೃಷ್ಣ ಆಶ್ರಮ, ಅಲ್ಲಿಂದ ದೊಡ್ಡ ಬಸವಣ್ಣನ ಗುಡಿಯ ಕಡೆಗೆ. ಅರ್ಧ ಆಕ್ಸಿಲರೇಟರಿನಲ್ಲೇ ಎಳೆದು, ಒಮ್ಮೆಲೇ ಕ್ಲಚ್ ಹಿಡಿದು ಇಗ್ನಿಷನ್ ಆಫ್. ಗಾಡಿ ಸದ್ದಿಲ್ಲದೆ ಮರದ ನೆರಳಿಗೆ ಉರುಳುತ್ತದೆ. ಎಂಜಿನ್ ಐಡಲ್ ಆಗಲು ಬಿಟ್ಟರೆ ಪ್ಲಗ್ ಐಡಲಿನ ಬಣ್ಣ ಹೇಳುತ್ತದೆ, ಎಳೆದಾಗಿನದನ್ನಲ್ಲ.

ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿಯುತ್ತಾರೆ. ಕಂದು ಬಂದಿದೆ, ಇನ್ನೂ ತೆಳು. ಅಲ್ಲೇ ಕಾರ್ಬುರೇಟರ್ ಮುಚ್ಚಳ ತಿರುಗಿಸಿ, ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಗೆ ಕೂರಿಸುತ್ತಾರೆ. ಸೂಜಿ ಮೇಲೇರಿತು, ನಡುವೇಗದಲ್ಲಿ ಪೆಟ್ರೋಲ್ ಚೂರು ಹೆಚ್ಚಿತು. ಊರೊಳಗೆ ಗಾಡಿ ಓಡುವುದೇ ಆ ವೇಗದಲ್ಲಿ. ಮೇನ್ ಜೆಟ್ ಮುಟ್ಟಲೇ ಇಲ್ಲ.

ಗ್ಯಾರೇಜಿಗೆ ಮರಳಿದಾಗ ಹುಡುಗ ಪಾಲಿಶ್ ಡಬ್ಬಿ ಹಿಡಿದು ನಿಂತಿದ್ದಾನೆ. "ಈಗಲೇ ನೀಲಿ ಉಜ್ಜಿ ತೆಗೆದುಬಿಡ್ಲಾ?"

"ಉಜ್ಜು, ಪೂರ್ತಿ ಹೋಗಲ್ಲ. ಒಂದು ಟ್ಯಾಂಕ್ ಓಡಿಸ್ಕೊಂಡು ಬಾ. ಎರಡೂ ಪೈಪಿಗೆ ಸಮನಾಗಿ ನೀಲಿ ಬಂದಿದ್ರೆ ಡೈನಮೋ ಕಡೆ ಕ್ರ್ಯಾಂಕ್ ಸೀಲ್ ಬಿಚ್ಚೋಣ. ಗಾಳಿ ಒಳಗೆ ಬರೋಕೆ ಇನ್ನೊಂದು ಜಾಗ ಅದೇ."